ಏಳನೇ ಮನೆಯ ನೆಲದಡಿ

ಬಡವರಿಗೆಂದು ಕಟ್ಟುತ್ತಿದ್ದ ಸಾಲುಮನೆಗಳ ಕೆಲಸದಲ್ಲಿ ಅವನು ಹಿರಿಯ ಬಡಗಿ. ಎಲ್ಲರೂ ಕರೆಯುತ್ತಿದ್ದುದು ಗೆರೆ ಮೇಸ್ತ್ರಿ ಎಂದು. ಅವನು ಗೆರೆ ಎಳೆದ ಮೇಲೆ ಇನ್ನೊಬ್ಬರು ಅಳೆಯುವ ಮಾತೇ ಇರಲಿಲ್ಲ. ಹೆಂಡತಿ ಕೂಡ ಪರದೆ ಬಟ್ಟೆ ತರುವ ಮೊದಲು ಅವನನ್ನು ಕಿಟಕಿಯ ಮುಂದೆ ನಿಲ್ಲಿಸಿ ಎಷ್ಟು ಬೇಕೆಂದು ಕೇಳುತ್ತಿದ್ದಳು.

ಅಲ್ಲಿ ಮರ ಹಾಳಾಗುವುದನ್ನು ಎಂಜಿನಿಯರ್ ಸಹಿಸುತ್ತಿರಲಿಲ್ಲ. ಪ್ರತಿ ಬಡಗಿಯ ಉಳಿಕೆ ತುಂಡುಗಳನ್ನು ಬೇರೆಬೇರೆ ರಾಶಿ ಹಾಕಿಸಿ ಶನಿವಾರ ತಾನೇ ಬಂದು ನೋಡುತ್ತಿದ್ದ. ಉದ್ದದ ತುಂಡು ಮತ್ತೆ ಕೆಲಸಕ್ಕೆ, ಗಿಡ್ಡದ್ದು ಬೆಣೆಗೆ, ಮಿಕ್ಕಿದ್ದು ಒಲೆಗೆ. ಮೇಸ್ತ್ರಿಯ ರಾಶಿ ಯಾವಾಗಲೂ ಹಿಡಿಯಷ್ಟು.

ಒಂದು ದಿನ ಅವನು ಅಳತೆಕೋಲಿನ ಮೇಲೆ ಕಿಟಕಿಗೆಂದು ಹಾಕಿದ್ದ ಗುರುತನ್ನು ಬಾಗಿಲಿನದೆಂದು ತಿಳಿದು, ಬಾಗಿಲ ಚೌಕಟ್ಟಿನ ಹದಿನಾರು ಕಂಬಗಳನ್ನು ಗಿಡ್ಡವಾಗಿ ಕೊಯ್ದುಬಿಟ್ಟ. ಮೊದಲನೆಯದನ್ನು ನಿಲ್ಲಿಸಿ ನೋಡಿದಾಗ ಅದು ಅವನ ಎದೆಮಟ್ಟಕ್ಕಷ್ಟೇ ಬಂತು. ಮರುದಿನವೇ ಶನಿವಾರ. ಏಳನೇ ಮನೆಯ ನೆಲಕ್ಕೆ ಮಣ್ಣು ತುಂಬುತ್ತಿದ್ದರು. ಆಳುಗಳು ಊಟಕ್ಕೆ ಹೋದಾಗ ಅವನು ಕಂಬಗಳನ್ನೆಲ್ಲ ತಳದಲ್ಲಿ ಮಲಗಿಸಿ ಮೇಲೆ ಮಣ್ಣೆಳೆದ. ಮರ ಸೀಳಿತ್ತೆಂದು ಉಗ್ರಾಣದಲ್ಲಿ ಹೇಳಿ ಬೇರೆ ತಂದ. ಸಂಜೆಯೊಳಗೆ ದಮ್ಮಸ್ಸು ಬಡಿದು ನೆಲ ಗಟ್ಟಿಯಾಗಿತ್ತು.

ಶನಿವಾರ ಎಂಜಿನಿಯರ್ ಎಲ್ಲರನ್ನೂ ಕರೆದು ಮೇಸ್ತ್ರಿಯ ಪುಟ್ಟ ರಾಶಿಯನ್ನು ಮಾದರಿಯೆಂದು ತೋರಿಸಿದ. ಇಡೀ ಕೆಲಸದ ಉಳಿಕೆ ಮರದ ಉಸ್ತುವಾರಿಯನ್ನೂ ಅವನಿಗೇ ವಹಿಸಿದ. ಒಂದು ಚೂರೂ ಮಣ್ಣುಪಾಲಾಗಬಾರದು ಎಂದು ಇತರರಿಗೆ ಹೇಳುವಾಗ ಮೇಸ್ತ್ರಿಯ ನಾಲಗೆ ತಡವರಿಸುತ್ತಿತ್ತು. ದಿನ ಕಳೆದಂತೆ ಅದೂ ನಿಂತಿತು.

ಎರಡು ವರ್ಷದ ಮೇಲೆ ಏಳನೇ ಮನೆಗೆ ರಿಪೇರಿಗೆಂದು ಅವನನ್ನೇ ಕಳಿಸಿದರು. ಅಲ್ಲಿ ಒಬ್ಬಳೇ ಇದ್ದ ದರ್ಜಿ ಹೆಂಗಸು ಬಾಗಿಲ ಬುಡ ತೋರಿಸಿದಳು. ಬೆರಳು ಒತ್ತಿದರೆ ಒಳಕ್ಕೇ ಹೋಯಿತು, ಬರೀ ಗೆದ್ದಲು. ಕಪಾಟಿನಲ್ಲಿ ಅವಳು ಇಪ್ಪತ್ತು ವರ್ಷದಿಂದ ಕೂಡಿಟ್ಟಿದ್ದ ರವಿಕೆ, ಅಂಗಿಗಳ ಕಾಗದದ ಅಚ್ಚುಗಳು ಜರಡಿಯಾಗಿದ್ದವು. ಹುಳು ಅಕ್ಕಪಕ್ಕದ ಮನೆಗಳಿಗೂ ಹಬ್ಬಿತ್ತು. ಮನೆ ಚೊಕ್ಕಟವಾಗಿಟ್ಟಿಲ್ಲವೆಂದು ನೆರೆಯವರು ಅವಳಿಗೆ ಬಟ್ಟೆ ಕೊಡುವುದನ್ನೇ ಬಿಟ್ಟಿದ್ದರಂತೆ.

"ದಿನಾ ಎರಡು ಸಲ ಗುಡಿಸ್ತೀನಿ ಮೇಸ್ತ್ರಿ. ಆದ್ರೂ ನಂದೇ ಏನೋ ತಪ್ಪಿರಬೇಕು" ಎಂದಳು.

ನೆಲದಡಿ ತಾನು ಹೂತ ಕಂಬಗಳಿಂದಲೇ ಗೆದ್ದಲು ಎದ್ದಿದೆಯೆಂದು ಅವನಿಗೆ ತಿಳಿದಿತ್ತು. ಆದರೂ "ತೇವ ಇರಬೇಕು" ಎಂದುಬಿಟ್ಟ. ಅವಳು ಆಗಲೇ ಒರೆಸಿದ್ದ ನೆಲವನ್ನು ಮತ್ತೆ ಒರೆಸತೊಡಗಿದಳು. ಅದನ್ನು ನೋಡಲಾರದೆ ಅವನು ಹೊರಬಿದ್ದ.

ಮನೆಗೆ ಬಂದವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೆಂಡತಿಗೆ ಎಲ್ಲ ಹೇಳಿದ. ಅವಳು, "ನಂಗೆ ಹೇಳಿದ್ರೆ ನಿಮಗೆ ಹಗುರ ಆಗುತ್ತೆ, ಆಯಮ್ಮಂಗೆ ಆಗುತ್ತಾ?" ಎಂದಳು.

ಬೆಳಿಗ್ಗೆ ಹೋಗಿ ದರ್ಜಿಯ ಮುಂದೆ ತಲೆ ತಗ್ಗಿಸಿ ನಿಂತು ಹೇಳಿದ. ಅವಳು ಕೂಗಾಡಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು:

"ನಿನ್ನೆ ನಾನು ನಂದೇ ತಪ್ಪು ಅಂದಾಗ ಇದು ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತಮ್ಮ."

"ಹಾಗಾದ್ರೆ ನನ್ನೊಬ್ಬಳಿಗೆ ಹೇಳಿದ್ರೆ ಸಾಲದು. ಬೀದಿಯಲ್ಲಿ ನಿಂತು ಹೇಳಿ."

ಅವಳೇ ಹೋಗಿ ಅಕ್ಕಪಕ್ಕದವರನ್ನು ಕರೆದಳು. ಅವನು ಹದಿನಾರು ಕಂಬದ ಕತೆಯನ್ನು ಅವರೆಲ್ಲರ ಮುಂದೆ ಮೊದಲಿನಿಂದ ಕೊನೆಯವರೆಗೂ ಹೇಳಿದ. ಎಂಜಿನಿಯರ್‌ಗೂ ತಾನೇ ಹೋಗಿ ಹೇಳಿದ, ಉಸ್ತುವಾರಿ ಹೋಯಿತು. ಆಮೇಲೆ ರಜೆಯ ದಿನಗಳಲ್ಲಿ ಬಂದು ನೆಲ ಒಡೆದು, ಗೆದ್ದಲು ತಿಂದ ಕಂಬಗಳನ್ನೆತ್ತಿ, ಔಷಧಿ ಹೊಡೆದು, ಹೊಸ ಚೌಕಟ್ಟು ನಿಲ್ಲಿಸಿದ. ಅಕ್ಕಪಕ್ಕದ ಬಾಗಿಲುಗಳನ್ನೂ ಸರಿಮಾಡಿದ. ಅವನು ಕೆಲಸ ಮಾಡುವಷ್ಟು ಹೊತ್ತೂ ದರ್ಜಿ ಹೊರಗೆ ಬೆನ್ನು ಹಾಕಿ ಕೂತು ಹೊಸ ಕಾಗದದ ಮೇಲೆ ಅಚ್ಚು ಬರೆಯುತ್ತಿದ್ದಳು. ನೆರೆಯ ಹೆಂಗಸೊಬ್ಬಳು ಕಣ್ಣು ತಪ್ಪಿಸುತ್ತಲೇ ಬಂದು ಎರಡು ಅಂಗಿ ಕೊಟ್ಟುಹೋದಳು.

ಕೊನೆಯ ದಿನ ಅವನು ಇನ್ನೇನಾದರೂ ಮಾಡಬೇಕೇ ಎಂದು ಕೇಳಿದ. ಅವಳು ಬಾಗಿಲು ಎಳೆದು ನೋಡಿದಳು.

"ಸರಿಯಾಗಿ ಮುಚ್ಚುತ್ತೆ. ಇನ್ನು ಬರೋದು ಬೇಡ" ಎಂದಳು.

ಅವನು ಹತ್ಯಾರದ ಚೀಲ ಹೆಗಲಿಗೇರಿಸಿ ಹೊರಟ. ಅಂದಿನಿಂದ ಕೆಲಸಕ್ಕೆ ಆ ಬೀದಿ ತಪ್ಪಿಸಿ ಸುತ್ತುದಾರಿ ಹಿಡಿದೇ ಹೋಗುತ್ತಾನೆ.