ಚಹಾದಂಗಡಿಯ ಮುಂದೆ ತಾನೇ ಎದ್ದ ಕಾರು

ಆಕ್ಸಿಲರೇಟರ್ ಮೇಲೆ ಕಾಲು ಎಷ್ಟೇ ಹಗುರ ಮಾಡಿ ಓಡಿಸಿದರೂ, ಬ್ಯಾಟರಿಯಲ್ಲೂ ಪೆಟ್ರೋಲಿನಲ್ಲೂ ಓಡುವ ನನ್ನ ಹೊಸ ಹೈಬ್ರಿಡ್ ಕಾರಿನ ಮೈಲೇಜು ಇಳಿಯುತ್ತಲೇ ಇತ್ತು. ಉಳವಿಗೆ ಹೊರಟವನು ಜೋಯಿಡಾದಲ್ಲಿ ಚಹಾಕ್ಕೆ ಇಳಿದೆ. ಅರ್ಧ ಕಪ್ ಚಹಾ ಮುಗಿದಿತ್ತು, ಅಂಗಡಿಯ ಅಕ್ಕ ಕೇಳಿದರು: "ಗಾಡಿ ಒಳಗ ಯಾರ ಅದಾರ್ರಿ?"

"ಯಾರೂ ಇಲ್ಲ."

"ಮತ್ತ ಚಾಲೂ ಆತಲ್ರಿ!"

ನಿಜ. ಎ.ಸಿ. ಬ್ಯಾಟರಿಯನ್ನು ಹೀರಿ ಮುಗಿಸಿತ್ತೋ ಏನೋ, ಇಂಜಿನ್ ತಾನೇ ಎದ್ದು ಗುರ್ ಎನ್ನುತ್ತಿತ್ತು. ಸದ್ದಿಲ್ಲವೆಂದರೆ ಬಂದ್ ಆಗಿದೆ ಎಂದುಕೊಂಡು, ಕಾರು ಬಂದ್ ಮಾಡುವ ಗುಂಡಿ ಒತ್ತದೆಯೇ ಇಳಿದಿದ್ದೆ. ದಾರಿಯಲ್ಲಿ ನಿಲ್ಲಿಸಿದ ದಾಂಡೇಲಿಯಲ್ಲೂ, ಹಳಿಯಾಳದಲ್ಲೂ ಹೀಗೇ ಇಳಿದಿದ್ದೆನೇ? ಮೈಲೇಜು ಇಳಿದದ್ದು ಇದಕ್ಕೇ ಇರಬೇಕು. ಓಡಿಹೋಗಿ ಗುಂಡಿ ಒತ್ತಿದೆ. ಸದ್ದು ನಿಂತಿತು.

"ಈಗ ಬಂದ್ ಆತೇನ್ರಿ?"

ಮೊದಲು ಇಳಿದಾಗಲೂ ಸದ್ದು ಇರಲಿಲ್ಲವಲ್ಲ!

"ಇನ್ನೊಂದು ಚಹಾ ಕೊಡಿ ಅಕ್ಕ, ಕಾದು ನೋಡೋಣ" ಎಂದೆ.