ಷೋಕೇಸಿನ ನೀಲಾಬಾಯಿ

ಅಳುವ ಕೂಸನ್ನು ನಗಿಸುವುದರಲ್ಲಿ ನೀಲಾಬಾಯಿಯನ್ನು ಮೀರಿಸುವವರು ನಮ್ಮ ಅಕ್ಕಲಕೋಟದಲ್ಲಿ ಯಾರೂ ಇರಲಿಲ್ಲ. ನಾನು ದ್ರೌಪದಿ, ಕನ್ನಡ ಸಾಲೆಯ ಮಾಸ್ತರಿಣಿ. ಒಂದನೇ ಇಯತ್ತೆಯ ಮಕ್ಕಳ ಗದ್ದಲದಲ್ಲೇ ನನ್ನ ಕೂದಲು ಬೆಳ್ಳಗಾದವು, ಆದರೂ ಆಕೆಯ ಮುಂದೆ ನನ್ನ ಆಟ ನಡೆಯುತ್ತಿರಲಿಲ್ಲ. ಆಕೆಯ ಗಂಡ ಧೂಳಪ್ಪಣ್ಣನ ಫೋಟೋ ಸ್ಟುಡಿಯೋ ಮಠಕ್ಕೆ ಹೋಗುವ ಓಣಿಯಲ್ಲಿತ್ತು, ಅದರ ಹಿಂದೆಯೇ ಮನೆ, ಗೋಡೆಯಾಚೆ ನಮ್ಮ ಮನೆ. ನಾನು ಆತನನ್ನು ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಆಕೆ ನನಗೆ ವೈನಿ, ಅಂದರೆ ಅತ್ತಿಗೆ. ಸ್ವಾಮಿಗಳ ದರ್ಶನಕ್ಕೆ ಬಂದವರು ಜವಳ ತೆಗೆಸಿದ ಕೂಸುಗಳನ್ನು ಎತ್ತಿಕೊಂಡು ನೇರ ಅಲ್ಲಿಗೇ ಬರುತ್ತಿದ್ದರು. ಲೈಟು ಹತ್ತಿದ ಕೂಡಲೇ ಕೂಸು ಕಿರುಚಲು ಶುರು ಮಾಡುತ್ತಿತ್ತು. ಆಗ ನೀಲಾವೈನಿ ಕ್ಯಾಮೆರಾದ ಹಿಂದೆ ನಿಂತು ಎರಡೂ ಗಲ್ಲ ಉಬ್ಬಿಸುವಳು, ಹುಬ್ಬನ್ನು ನೆತ್ತಿಗೇರಿಸುವಳು, ಮೂಗು ಮುದುಡಿ ಬೆಕ್ಕಾಗುವಳು. ಕೂಸು ಕೇಕೆ ಹಾಕಿ ನಗುವುದಕ್ಕೂ ಧೂಳಪ್ಪಣ್ಣ ಟಪ್ಪೆಂದು ಫೋಟೋ ಹೊಡೆಯುವುದಕ್ಕೂ ಸರಿಹೋಗುತ್ತಿತ್ತು.

ಆಕೆ ದುಧನಿಯ ಅಡತಿ ಅಂಗಡಿಯ ಗುಮಾಸ್ತನ ಮಗಳು. ಧೂಳಪ್ಪಣ್ಣ ನಾಗಣಸೂರದ ಕುರಿಗಾರರ ಮನೆಯವನು. ಕುರಿ ಬಿಟ್ಟು ಕ್ಯಾಮೆರಾ ಹಿಡಿದ ಎಂದು ಅವರಪ್ಪ ಸಾಯುವ ತನಕ ಬೈದ. ಮನುಷ್ಯ ಮಾತಿನಲ್ಲಿ ಜಿಪುಣ, ಕೈಯಲ್ಲಿ ಮಾತ್ರ ಜಾದೂ. ಫೋಟೋದ ನೆಗೆಟಿವ್ ಮೇಲೆ ತೆಳ್ಳಗೆ ವಾರ್ನಿಷ್ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್‌ನಿಂದ ಚುಕ್ಕೆ ಚುಕ್ಕೆಯಾಗಿ ತುಂಬುತ್ತ ಹೋದನೆಂದರೆ ಸಿಡುಬಿನ ಕಲೆ, ಮೊಡವೆ, ಸುಕ್ಕು ಎಲ್ಲ ಮಾಯ. ಇದಕ್ಕೆ ಟಚಿಂಗ್ ಎನ್ನುತ್ತಿದ್ದರು. ಕೈ ತಪ್ಪಿದರೆ ಟರ್ಪೆಂಟೈನ್ ಅದ್ದಿದ ಅರಿವೆಯಿಂದ ಒರೆಸಿ, ಮತ್ತೆ ಮೊದಲಿನಿಂದ ಪೆನ್ಸಿಲ್ ಹಿಡಿಯುತ್ತಿದ್ದ. ಬಣ್ಣದ ಫೋಟೋ ಬಂದ ಮೇಲೆ ಆ ಕೆಲಸ ಕೇಳುವವರೇ ಕಡಿಮೆಯಾದರು. ಆದರೂ ವರ್ಷಕ್ಕೊಮ್ಮೆ ಆ ಪೆನ್ಸಿಲ್ ತಪ್ಪದೆ ಹೊರಗೆ ಬರುತ್ತಿತ್ತು.

ದೀಪಾವಳಿ ಪಾಡ್ಯದ ದಿನ ನಮ್ಮ ಕಡೆ ಹೆಂಡತಿ ಗಂಡನಿಗೆ ಆರತಿ ಬೆಳಗುತ್ತಾಳೆ, ಗಂಡ ತಾಟಿನಲ್ಲಿ ಏನಾದರೂ ಉಡುಗೊರೆ ಹಾಕಬೇಕು. ಮೊದಲನೇ ಪಾಡ್ಯಕ್ಕೆ ಧೂಳಪ್ಪಣ್ಣನ ಹತ್ತಿರ ಕೊಡಲು ಏನೂ ಇರಲಿಲ್ಲ. ಹೆಂಡತಿಯ ಫೋಟೋ ತೆಗೆದು, ಟಚಿಂಗ್ ಮಾಡಿ, ಸ್ಟುಡಿಯೋದ ಷೋಕೇಸಿನಲ್ಲಿ ಇಟ್ಟ. ಅಂದಿನಿಂದ ಅದೇ ರೂಢಿಯಾಯಿತು. ಪ್ರತಿ ಪಾಡ್ಯಕ್ಕೆ ಹಳೆಯ ಫೋಟೋ ಇಳಿಯುತ್ತಿತ್ತು, ಹೊಸದು ಏರುತ್ತಿತ್ತು. ಸೀರೆ ಬದಲಾಗುತ್ತಿತ್ತು, ಮೂಗುತಿ ಬದಲಾಗುತ್ತಿತ್ತು, ಮುಖ ಮಾತ್ರ ಹದಿನೆಂಟರದೇ. ಬೇರೆ ಯಾರಿಗೂ ಫೋಟೋ ತೆಗೆಯಲು ಆಕೆ ಬಿಡುತ್ತಿರಲಿಲ್ಲ. “ನಮ್ಮ ಮನಿಯವರ ಕೈಯಾಗಽ ನಾ ಛಲೋ ಕಾಣ್ತೀನವಾ” ಎಂದು ನಗುತ್ತಿದ್ದಳು. ನಕ್ಕಾಗ ಕಣ್ಣಿನ ಅಂಚಿಗೆ ಗೆರೆಗಳು ಕೂಡುತ್ತಿದ್ದವು, ಮೂಗಿನ ಇಕ್ಕೆಲದಿಂದ ಬಾಯಿಯ ತನಕ ಎರಡು ಮಡಿಕೆ ಬೀಳುತ್ತಿದ್ದವು. ಊರವರ ಕೂಸುಗಳನ್ನು ನಗಿಸಿ ನಗಿಸಿ ಬಂದ ಗೆರೆಗಳು ಅವು. ನನ್ನ ಕಣ್ಣಿಗೆ ಅವುಗಳಲ್ಲಿ ಯಾವ ಊನವೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ತೊಂಬತ್ತಾರರ ಮಾಘದಲ್ಲಿ ಅವರ ಮಗಳು ಛಾಯಾಳನ್ನು ನೋಡಲು ಸೊಲ್ಲಾಪುರದಿಂದ ಬೀಗರು ಬಂದರು. ವರನ ಅಜ್ಜಿ ಗೋದೂಬಾಯಿ ಮೊದಲು ಸ್ಟುಡಿಯೋದ ಮುಂದೆ ನಿಂತು, ಷೋಕೇಸು ನೋಡಿ, ಆಮೇಲೆ ಒಳಗೆ ಬಂದಿದ್ದಳು. ನೀಲಾವೈನಿ ಚಹಾದ ತಾಟು ಹಿಡಿದು ಎದುರು ನಿಂತಾಗ ಮುದುಕಿ ಆಕೆಯನ್ನು ದಾಟಿ ಬಾಗಿಲ ಕಡೆ ನೋಡಿದಳು.

“ಬೀಗತಿ ಎಲ್ಲ್ಯದಾಳ? ಹೊರಗ ಫೋಟೋದಾಗ ಇದ್ದಾಕಿ? ನೀವು ಹುಡಗಿ ಅಜ್ಜಿ ಹೌದಲ್ಲ?”

“ನಾನಽ ರೀ ಹುಡಗಿ ಅವ್ವ,” ಎಂದಳು ನೀಲಾವೈನಿ.

ಎಲ್ಲರೂ ನಕ್ಕರು. ಮುದುಕಿಯೂ ನಾಲಿಗೆ ಕಚ್ಚಿಕೊಂಡು ನಕ್ಕಳು, ಪಾಪ, ಆಕೆಯ ಮನಸ್ಸಿನಲ್ಲಿ ವಿಷವಿರಲಿಲ್ಲ. ನೀಲಾವೈನಿಯೂ ನಕ್ಕಳು. ಲಗ್ನ ಗಟ್ಟಿಯಾಯಿತು, ವೈಶಾಖಕ್ಕೆ ಮುಹೂರ್ತ ಇಟ್ಟರು. ಆದರೆ ಅಂದು ಸಂಜೆ ನಾನು ಮೊಸರು ಕೇಳಲು ಹೋದಾಗ ಆಕೆ ಓಣಿಯಲ್ಲಿ ನಿಂತು ತನ್ನ ಫೋಟೋವನ್ನೇ ನೋಡುತ್ತಿದ್ದಳು. ನಾನು ಕರೆದರೂ ತಿರುಗಲಿಲ್ಲ.

ತಿಂಗಳು ಕಳೆದ ಮೇಲೆ, “ಲಗ್ನದ ಸೀರಿ ತರೂನು, ಬಾ” ಎಂದು ನನ್ನನ್ನು ಸೊಲ್ಲಾಪುರದ ಬಸ್ಸಿಗೆ ಹತ್ತಿಸಿದಳು. ತೊಡೆಯ ಮೇಲೆ ಟವೆಲ್ ಸುತ್ತಿದ ಏನೋ ಇತ್ತು. ಬಿಚ್ಚಿ ನೋಡಿದರೆ ಷೋಕೇಸಿನ ಫೋಟೋ!

“ಇದನ್ಯಾಕ ಹೊತ್ಕೊಂಡು ಹೊಂಟೀರಿ, ವೈನಿ?”

“ಡಾಕ್ಟರಗ ತೋರಸಬೇಕು. ಸ್ಟೇಷನ್ ಹತ್ರ ಒಂದು ಪಾರ್ಲರ್ ಅದ. ಮುಂಬೈಯಿಂದ ವಾರಕ್ಕೊಮ್ಮಿ ಡಾಕ್ಟರ್ ಬರ್ತಾನಂತ. ಮಾರಿಗೆ ಸೂಜಿ ಚುಚ್ಚಿ ಗೆರಿ ತುಂಬ್ತಾನಂತ.”

“ಗೆರಿ ತುಂಬಾಕ ಅದೇನ್ ಗ್ವಾಡಿ ಬಿರುಕೇನ್ರಿ? ಹುಚ್ಚು ಹಿಡದದೇನು ನಿಮಗ?”

“ಬೈಬ್ಯಾಡ ದ್ರೌಪದಿ. ಹಲ್ಲು ಬಿದ್ರ ಕಟ್ಟಿಸ್ಕೋತಾರ. ಬೆಳ್ಳಗಾದ ಕೂದಲಕ್ಕ ಕಪ್ಪು ಕಲಪ್ ಹಚ್ತಾರ, ನೀನೂ ಹಚ್ತಿ. ನಾ ಮಾರಿ ಮಾಡಿಸ್ಕೊಂಡ್ರ ಏನು ತಪ್ಪು?”

ತಲೆಗೆ ಕಲಪ್ ಮೆತ್ತಿಕೊಂಡವಳು ಏನೆಂದು ವೇದಾಂತ ಹೇಳಲಿ? ಆದರೂ ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

“ನಲವತ್ತೈದು ವರ್ಷ ಬದುಕೀರಿ. ಅದೇನು ಕದ್ದು ತಂದದ್ದೇನು, ಮುಚ್ಚಿ ಇಡಾಕ? ಬದುಕಿದ್ದು ಮಾರಿ ಮ್ಯಾಲ ಕಾಣಲಿ ಬಿಡ್ರಿ.”

“ನನಗ ವಯಸ್ಸಾಗೂದು ಬ್ಯಾಡ ಅಂತ ಅಲ್ಲವಾ. ದಿನಾ ಆಕಿ ಮುಂದ ಹಾದು ಹೋಗಬೇಕಲ್ಲ, ಅದು ಸಾಕಾಗೇದ,” ಎಂದು ಫೋಟೋದ ಗಾಜು ಮುಟ್ಟಿದಳು. “ಆಕಿಗೆ ವಯಸ್ಸಾಗಂಗಿಲ್ಲ, ನನಗಷ್ಟಽ ಆಗ್ತದ. ಲಗ್ನದಾಗ ಛಾಯಾನ ಮ್ಯಾಲ ಅಕ್ಕಿಕಾಳು ಬೀಳೂಮುಂದ ಬಾಜೂಕ ಈ ಫೋಟೋದಾಗಿನಾಕಿನಽ ನಿಂದರಬೇಕು. ಆ ಮಂದಿ ಮುಂದ ಮತ್ತೊಮ್ಮಿ ಅಜ್ಜಿ ಅನಸ್ಕೊಳ್ಳೂದು ಆಗಂಗಿಲ್ಲ ನನಗ.”

ಪಾರ್ಲರಿನ ಮಾಳಿಗೆಯ ಮೇಲೆ ಒಂದು ಕೋಣೆ. ಡಾಕ್ಟರ್ ಎಂಬುವನ ಅಂಗಿ ಬಿಳುಪಾಗಿತ್ತು, ಅದನ್ನು ಬಿಟ್ಟರೆ ಡಾಕ್ಟರಿಕೆಯ ಗುರುತು ನನಗೆ ಏನೂ ಕಾಣಲಿಲ್ಲ. ಸೀಸೆಯೊಳಗೆ ಏನಿದೆ ಎಂದು ಕೇಳಿದೆ. “ಫಾರೇನಚಂ ಔಷಧ ಆಹೇ, ಬಾಯಿ” ಎಂದ. ಫಾರಿನ್ ಔಷಧವಂತೆ, ಅಷ್ಟು ಹೇಳಿದರೆ ಮುಗಿಯಿತು! ಅವನು ಫೋಟೋವನ್ನು ಗೋಡೆಗೆ ಒರಗಿಸಿ, ಅದನ್ನು ನೋಡಿ ನೋಡಿ ಆಕೆಯ ಮುಖದ ಮೇಲೆ ಪೆನ್ನಿನಿಂದ ಗುರುತು ಹಾಕತೊಡಗಿದ. ನನಗೆ ತಡೆಯಲಾಗಲಿಲ್ಲ. ಆ ಮುಖ ಪೆನ್ಸಿಲ್ಲಿನದು, ಚರ್ಮದ್ದಲ್ಲ, ಭೂಮಿಯ ಮೇಲೆ ಯಾರಿಗೂ ಅಂಥ ಮುಖವಿಲ್ಲ ಎಂದು ಮರಾಠಿಯಲ್ಲಿ ಕೂಗಾಡಿದೆ. ಅವನು ನಕ್ಕ. ನೀಲಾವೈನಿ ಕಣ್ಣು ಮುಚ್ಚಿಕೊಂಡೇ, “ದ್ರೌಪದಿ, ನೀ ಹೊರಗ ಕುಂದರು” ಎಂದಳು. ಹೊರಗೆ ಹೋಗಿ ಕುಳಿತೆ. ಬೆಂಚಿನ ಮೇಲೆ ಇನ್ನೂ ಇಬ್ಬರು ಹೆಂಗಸರು ಕಾಯುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ಸೂಜಿಯ ಬಾವು ಇಳಿದ ಮೇಲೆ ಆಕೆ ನಿಜಕ್ಕೂ ಚೆಂದ ಕಂಡಳು. ಯುಗಾದಿಗೆ ಬಾಗಿಲಲ್ಲಿ ರಂಗೋಲಿ ಹಾಕುವಾಗ ಓಣಿಯ ಹೆಂಗಸರು ಸುತ್ತ ನೆರೆದು, “ಏನ್ ತಿಂತೀರಿ ಬಾಯಾರ, ನಮಗೂ ಹೇಳ್ರಿ” ಎಂದು ಕಾಡಿದರು. ಧೂಳಪ್ಪಣ್ಣನಿಗೆ ಆಕೆ ಸೂಜಿ ಚುಚ್ಚಿಸಿಕೊಂಡು ಬಂದ ದಿನವೇ ಎಲ್ಲ ಹೇಳಿದ್ದಳು. ಆತ ಬೈಯಲಿಲ್ಲ. ಯುಗಾದಿಯ ದಿನ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿ, “ಫೋಟೋ ಎದ್ದು ಬಂದು ಮನ್ಯಾಗ ಕುಂತಂಗ ಅದ” ಎಂದು ಸ್ಟುಡಿಯೋಗೆ ಹೋದನಂತೆ. ಅದನ್ನು ನನಗೆ ಹೇಳುವಾಗ ಆಕೆ ಹಿಗ್ಗಿ ಹೀರೆಕಾಯಿಯಾಗಿದ್ದಳು. ಅದೇ ವಾರ ಸ್ಟುಡಿಯೋದಲ್ಲಿ ಒಂದು ಕೂಸು ರಂಪ ಹಿಡಿಯಿತು. ಆಕೆ ಎಂದಿನಂತೆ ಕ್ಯಾಮೆರಾದ ಹಿಂದೆ ನಿಂತಳು. ಗಲ್ಲ ಬಿಗಿದಿತ್ತು, ಮೂಗು ಮುದುಡಲಿಲ್ಲ. ಕೂಸು ಅವಳನ್ನು ಪಿಳಿಪಿಳಿ ನೋಡಿ ಮತ್ತೆ ಅತ್ತಿತು. ಆ ಕೂಸಿನ ಫೋಟೋ ಅಳುತ್ತಲೇ ಬಂತು.

ಆಮೇಲೆ ಗಲ್ಲದೊಳಗೆ ಅಡಿಕೆಯಂಥ ಗಂಟುಗಳು ಎದ್ದವು. ಮೊದಲು ಕೆಂಪಾದವು, ಆಮೇಲೆ ನೇರಳೆ ಬಣ್ಣಕ್ಕೆ ತಿರುಗಿ ಬಾತವು, ಒಂದು ಒಡೆದು ಕೀವು ಸುರಿಯಿತು. ಧೂಳಪ್ಪಣ್ಣ, ನಾನು ಇಬ್ಬರೂ ಆಕೆಯನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಓಡಿದೆವು. ಮಾಳಿಗೆಯ ಕೋಣೆಗೆ ಕೀಲಿ ಬಿದ್ದಿತ್ತು. ಕೆಳಗಿನ ಪಾರ್ಲರಿನವಳು ಅಂಥ ಡಾಕ್ಟರನನ್ನು ತಾನು ಕಂಡೇ ಇಲ್ಲ ಎಂದಳು. ಅವಳ ನಾಲಿಗೆ ಸೇದಿಹೋಗಲಿ! ದೊಡ್ಡ ದವಾಖಾನೆಯಲ್ಲಿ ಒಬ್ಬ ಕನ್ನಡದ ಡಾಕ್ಟರ್ ಸಿಕ್ಕ. ಮುಖ ಒತ್ತಿ ನೋಡಿ, ಕೈ ತೊಳೆದುಕೊಂಡು ಬಂದು ಹೇಳಿದ:

“ಔಷಧ ಅಲ್ರಿ ಇದು, ಎಣ್ಣಿಯಂಥದ್ದು ಏನೋ ತುಂಬ್ಯಾರ. ಹಿಟ್ಟಿನಾಗ ಉಪ್ಪು ಬೆರತಂಗ ಮಾಂಸದಾಗ ಬೆರತದ. ಕೀವು ತೆಗೀತೀವಿ. ಅದನ್ನ ಪೂರಾ ತೆಗ್ಯಾಕ ಬರಂಗಿಲ್ಲ.”

ಧೂಳಪ್ಪಣ್ಣ ಕೇಳಿದ, “ಒರಸಾಕ ಬರಂಗಿಲ್ಲೇನ್ರಿ, ಸಾಹೇಬ್ರ?”

ಡಾಕ್ಟರನಿಗೆ ಆ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು.

ಗಲ್ಲ ಕೊಯ್ದರು, ಮತ್ತೆ ಬಾತಿತು, ಮತ್ತೆ ಕೊಯ್ದರು. ಎಡಗಲ್ಲ ಒಳಕ್ಕೆ ಕುಸಿಯಿತು, ಬಾಯಿಯ ಮೂಲೆ ಮೇಲಕ್ಕೆ ಜಗ್ಗಿ ನಿಂತಿತು, ಕಣ್ಣಿನ ಕೆಳರೆಪ್ಪೆ ಜೋತುಬಿತ್ತು. ವೈಶಾಖ ಬಂತು. ಮಂಗಲ ಕಾರ್ಯಾಲಯದಲ್ಲಿ ಛಾಯಾಳ ಲಗ್ನ. ಧಾರೆ ಎರೆಯಲು ಧೂಳಪ್ಪಣ್ಣನ ತಮ್ಮ ಅಮೋಗಸಿದ್ಧ, ಅವನ ಹೆಂಡತಿ ನಿಂತರು. ಹೆತ್ತವ್ವ ಉಗ್ರಾಣದ ಕೋಣೆಯಲ್ಲಿ ಅಕ್ಕಿಚೀಲಗಳ ನಡುವೆ, ಮುಖದ ತುಂಬ ಸೆರಗು ಹೊದ್ದು ಕುಳಿತಿದ್ದಳು. ನಾನು ಎಷ್ಟು ಗೋಗರೆದೆ, ಬೈದೆ, ಕೈ ಹಿಡಿದು ಎಳೆದೆ. “ಬ್ಯಾಡವಾ, ಸಣ್ಣ ಹುಡುಗ್ರು ಅಂಜತಾವ” ಎಂದಳು. ವಾದ್ಯದ ಸದ್ದಾದಾಗ ಕೈಯಲ್ಲಿದ್ದ ಅಕ್ಷತೆಯ ಅಕ್ಕಿಕಾಳನ್ನು ಕದದ ಸಂದಿಯಿಂದ ಹೊರಗೆ ಎರಚಿದಳು. ಅವು ಹೊಸ್ತಿಲ ಆಚೆಯೇ ಬಿದ್ದವು. ಗೋದೂಬಾಯಿ ಬೀಗತಿಯನ್ನು ಹುಡುಕಿಕೊಂಡು ಬಂದಾಗ, ಜ್ವರ ಬಂದಿದೆ ಎಂದು ಹೇಳಿ ಕಳಿಸಿದೆ.

ಜನ ಸುಮ್ಮನಿರುತ್ತಾರೆಯೇ? ವಯಸ್ಸಿಗೆ ತಕ್ಕ ಬುದ್ಧಿ ಬೇಡವೇ ಎಂದರು, ಮೆರೆಯಲು ಹೋಗಿ ಮಾರಿ ಕಳಕೊಂಡಳು ಎಂದರು. ಯುಗಾದಿಗೆ ಸುತ್ತ ನೆರೆದು ಹೊಗಳಿದ ಬಾಯಿಗಳೇ ಇವು. ಆ ಬಾಯಿಗಳಿಗೆ ನಾನು ಓಣಿಯಲ್ಲೇ ನಿಂತು ಉತ್ತರ ಕೊಟ್ಟೆ, ಅದರಿಂದ ನನ್ನ ಗಂಟಲು ಕೆಟ್ಟಿತೇ ಹೊರತು ಬೇರೇನೂ ಆಗಲಿಲ್ಲ. ನೀಲಾವೈನಿ ಮನೆಯ ಕನ್ನಡಿಗಳಿಗೆಲ್ಲ ಅರಿವೆ ಹೊದಿಸಿದಳು. ಷೋಕೇಸು ಬರಿದಾಯಿತು.

ಆಷಾಢದ ಒಂದು ಮಧ್ಯಾಹ್ನ ನಾನು ಭಕ್ಕರಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆ. ಧೂಳಪ್ಪಣ್ಣ ಮೂಲೆಯಲ್ಲಿ ಕುಳಿತಿದ್ದ. ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು:

“ರೀ, ಸೂಜಿ ಚುಚ್ಚಿಸ್ಕೊಳ್ಳೂಕಿಂತ ಮೊದಲ ನನ್ನ ಮಾರಿ ಹೆಂಗಿತ್ತು? ನನಗ ನೆನಪಽ ಆಗವಲ್ದು. ಕಣ್ಣು ಮುಚ್ಚಿದ್ರ ಆ ಫೋಟೋದಾಗಿನಾಕಿ ಬರ್ತಾಳ, ಇಲ್ಲಾಂದ್ರ ಇದು ಬರ್ತದ. ನನ್ನ ಖರೇ ಮಾರೀದು ಒಂದಾದ್ರೂ ಫೋಟೋ ಉಳದದೇನು?”

ಒಂದೂ ಉಳಿದಿರಲಿಲ್ಲ. ಇಷ್ಟು ವರ್ಷದ ಫೋಟೋಗಳಲ್ಲಿ ಒಂದರಲ್ಲೂ ಆತ ಆಕೆಯ ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ. ಧೂಳಪ್ಪಣ್ಣ ಎದ್ದು ಸ್ಟುಡಿಯೋಗೆ ಹೋಗಿ ಹಿಂದಿನ ಪಾಡ್ಯದ ನೆಗೆಟಿವ್ ಹುಡುಕಿ ತೆಗೆದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅರಿವೆಗೆ ಟರ್ಪೆಂಟೈನ್ ಅದ್ದಿ, ಕೂಸಿನ ಮೈ ಒರೆಸುವ ಹಾಗೆ, ತಾನೇ ಹಾಕಿದ ಪೆನ್ಸಿಲನ್ನು ಒರೆಸಿದ. ಅರಿವೆ ಕಪ್ಪಾಯಿತು. ಕತ್ತಲೆ ಕೋಣೆಗೆ ಹೋಗಿ ಪ್ರಿಂಟ್ ತೆಗೆದು, ನೀರು ತೊಟ್ಟಿಕ್ಕುವ ಕಾಗದವನ್ನೇ ತಂದು ಹೆಂಡತಿಯ ಕೈಗೆ ಕೊಟ್ಟ.

ಆಕೆ ಎದ್ದು ಕುಳಿತು ಕಿಟಕಿಯ ಬೆಳಕಿಗೆ ಹಿಡಿದಳು. ಫೋಟೋದಲ್ಲಿ ನೀಲಾವೈನಿ ನಗುತ್ತಿದ್ದಳು, ನಮ್ಮ ನೀಲಾವೈನಿ. ಕಣ್ಣಿನ ಅಂಚಿನ ಗೆರೆಗಳು, ಹಣೆಯ ಮೇಲಿನ ಮಡಿಕೆ, ಬಾಯಿಯ ಸುತ್ತಲಿನ ಸುಕ್ಕು ಎಲ್ಲ ಇದ್ದವು. ನನಗೆ ದುಃಖ ಉಕ್ಕಿ ಬಂದು ಸೆರಗು ಬಾಯಿಗೆ ಒತ್ತಿಕೊಂಡೆ. ಆಕೆ ಅಳಲಿಲ್ಲ. ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿದಳು, ಆಮೇಲೆ ಆ ಬೆರಳನ್ನೇ ತನ್ನ ಗಲ್ಲದ ಗಂಟುಗಳ ಮೇಲೆ ಇಟ್ಟುಕೊಂಡಳು.

“ಇಷ್ಟಽ ಇತ್ತೇನ್ರಿ?” ಎಂದಳು.

“ಇಷ್ಟಽ ಇತ್ತು,” ಎಂದ ಧೂಳಪ್ಪಣ್ಣ.

“ಇದಕ್ಕ ನೀವು ವರ್ಷಾ ವರ್ಷಾ ಪೆನ್ಸಿಲ್ ಹಿಡದ್ರ್ಯಾ?”

ಧೂಳಪ್ಪಣ್ಣನ ಕೈಯಲ್ಲಿ ಆ ಕಪ್ಪಾದ ಅರಿವೆ ಇನ್ನೂ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಆತ ಹಾಗೆಯೇ ನಿಂತಿದ್ದ.