ಚಪ್ಪಟೆಯಾದ ವೃತ್ತ

ಹೊಸದಾಗಿ ಕೊಂಡ ಯಂತ್ರಗಳ ಜೊತೆಗೆ ಬರುವ ಸೂಚನಾಪತ್ರದ ಅಕ್ಷರಗಳನ್ನು ಯಾರ ಕಣ್ಣಿಗಾಗಿ ಅಚ್ಚು ಹಾಕುತ್ತಾರೆ ಎಂಬುದು ನನಗೆ ಇಂದಿಗೂ ಬಗೆಹರಿಯದ ಸಂಗತಿ. ಮಡಿಕೆಯ ಮೇಲೆ ಮಡಿಕೆಯಾಗಿರುವ ಆ ಕಾಗದವನ್ನು ಹರಿಯದಂತೆ ಬಿಡಿಸಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಕಿಟಕಿಯ ಬೆಳಕಿಗೆ ಓರೆಮಾಡಿ ನೋಡಿದರೆ ಅಕ್ಷರಗಳೇನೋ ಕಾಣುತ್ತವೆ. ಅರ್ಥದ ಸುಳಿವು ಮಾತ್ರ ಸಿಕ್ಕುವುದಿಲ್ಲ. ‘ಮೋಟಾರು ಸಂತೋಷವಾಗಿಲ್ಲದಿದ್ದಲ್ಲಿ ವಿದ್ಯುತ್ತನ್ನು ಪರಿಶೀಲಿಸತಕ್ಕದ್ದು’ ಎಂದು ಅರ್ಥವಾಗುವ ಇಂಗ್ಲಿಷ್ ವಾಕ್ಯವೊಂದನ್ನು ನಾನು ಇಡೀ ಒಂದು ಬೆಳಗ್ಗೆ ಧ್ಯಾನಿಸಿದ್ದುಂಟು. ಮೋಟಾರಿನ ಸಂತೋಷ ಹಾಗಿರಲಿ, ನನ್ನ ಸಂತೋಷವನ್ನು ವಿಚಾರಿಸಿಕೊಳ್ಳುವ ಒಂದು ವಾಕ್ಯವೂ ಆ ಕಾಗದದಲ್ಲಿ ಇರಲಿಲ್ಲ. ಇದು ಅನ್ಯಾಯ ಎಂದು ಅಂದೇ ತೀರ್ಮಾನಿಸಿದೆ.

ನಾನು ಮಧುಗಿರಿಯಲ್ಲಿ ನೆಲೆಸಿರುವ ನಿವೃತ್ತ ಗಣಿತದ ಮೇಷ್ಟ್ರು. ನಿವೃತ್ತರಾದವರು ಬೆಟ್ಟದ ಬುಡದಲ್ಲಿ ವಾಯುವಿಹಾರ ಮಾಡಬೇಕು, ಸಕ್ಕರೆ ಕಾಯಿಲೆಯ ಬಗ್ಗೆ ವಿಚಾರವಿನಿಮಯ ಮಾಡಬೇಕು ಎಂಬುದು ಊರಿನ ಅಲಿಖಿತ ಶಾಸನ. ಅದನ್ನು ಧಿಕ್ಕರಿಸಿ ನಾನು ಮನೆಯ ಹಿಂದಿನ ಕೊಠಡಿಯಲ್ಲಿ ಮರ ಕೆತ್ತುವ ಸಣ್ಣದೊಂದು ಗಣಕಚಾಲಿತ ಯಂತ್ರವನ್ನು ಕಟ್ಟಲು ಕುಳಿತೆ. ಬಲ್ಲವರು ಅದನ್ನು ಸಿ.ಎನ್.ಸಿ. ಎನ್ನುತ್ತಾರೆ, ನನ್ನಾಕೆ ಅದನ್ನು ‘ನಿಮ್ಮ ಕೂಸು’ ಎನ್ನುತ್ತಾಳೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಅದೇ ಚಿತ್ರವನ್ನು ಹಲಗೆಯ ಮೇಲೆ ಉಳಿ ಕೊರೆಯಬೇಕು, ಇಷ್ಟೇ ಅದರ ಧರ್ಮ. ಆ ಉಳಿಯನ್ನು ಎಡಬಲಕ್ಕೆ, ಹಿಂದೆಮುಂದೆ, ಮೇಲೆಕೆಳಗೆ ಒಯ್ಯಲು ಮೂರು ಮೋಟಾರುಗಳು. ಇವು ಫ್ಯಾನಿನ ಮೋಟಾರಿನಂತೆ ಸುಮ್ಮನೆ ಗಿರಗಿರನೆ ತಿರುಗುವ ಜಾತಿಯವಲ್ಲ. ಮದುಮಗಳ ಹಾಗೆ ಹೆಜ್ಜೆ ಎಣಿಸಿ ನಡೆಯುವ ಸ್ಟೆಪ್ಪರ್ ಮೋಟಾರುಗಳು. ಒಂದೊಂದು ಮೋಟಾರಿಗೂ ಹೆಜ್ಜೆ ಹಾಕಿಸಲು ಒಂದೊಂದು ಡ್ರೈವರ್ ಪೆಟ್ಟಿಗೆ. ಪೆಟ್ಟಿಗೆಯ ಮುಖದ ಮೇಲೆ ಅಕ್ಕಿನುಚ್ಚಿನಷ್ಟು ಚಿಕ್ಕ ಸ್ವಿಚ್ಚುಗಳ ಒಂದು ಸಾಲು. ಯಾವ ಸ್ವಿಚ್ಚು ಯಾವ ಕಡೆಗಿದೆ ಎಂಬುದರ ಮೇಲೆ ಹೆಜ್ಜೆ ದೊಡ್ಡದೋ ಚಿಕ್ಕದೋ ನಿರ್ಧಾರವಾಗುತ್ತದೆ. ಇದಿಷ್ಟು ತಿಳಿದರೆ ನೀವೂ ನನ್ನಷ್ಟೇ ಪಂಡಿತರು.

ಯಂತ್ರ ಸರಿಯಾಗಿದೆಯೇ ಎಂದು ನೋಡಲು ಉಳಿಯ ಜಾಗಕ್ಕೆ ಪೆನ್ನು ಕಟ್ಟಿ ಕಾಗದದ ಮೇಲೆ ವೃತ್ತ ಬರೆಸುವುದು ವಾಡಿಕೆ. ವೃತ್ತದ ವಿಚಾರದಲ್ಲಿ ನನಗೆ ತುಸು ಅಹಂಕಾರವಿದೆ ಎಂಬುದನ್ನು ಮುಚ್ಚಿಡಲಾರೆ. ಕೈವಾರದ ಹಂಗಿಲ್ಲದೆ, ಮೊಣಕೈಯನ್ನು ಕಪ್ಪುಹಲಗೆಗೆ ಊರಿ ಒಂದೇ ಬೀಸಿಗೆ ನಾನು ಬರೆಯುತ್ತಿದ್ದ ವೃತ್ತವನ್ನು ನೋಡಲು ಪಕ್ಕದ ತರಗತಿಯವರು ಕಿಟಕಿಗೆ ಬರುತ್ತಿದ್ದರು. ಸೇವೆಯ ಮೊದಲ ವರ್ಷಗಳನ್ನು ಕಳೆದ ವೈ.ಎನ್.ಹೊಸಕೋಟೆಯಲ್ಲಿ ಇನ್ಸ್‌ಪೆಕ್ಟರೊಬ್ಬರು ನನ್ನ ಪಾಠವನ್ನು ಮರೆತು ವೃತ್ತವನ್ನೇ ಹೊಗಳಿ ಹೋಗಿದ್ದರು. ಇಂಥವನ ಮನೆಯ ಯಂತ್ರ ಮೊದಲ ಪರೀಕ್ಷೆಯಲ್ಲೇ ದುಂಡನೆಯ ವೃತ್ತ ಬರೆದಾಗ ನನಗೆ ವಂಶೋದ್ಧಾರವಾದಷ್ಟು ಸಮಾಧಾನವಾಯಿತು.

ಯಂತ್ರದ ಕಬ್ಬಿಣದ ಚೌಕಟ್ಟನ್ನು ಮಾಡಿಕೊಟ್ಟವನು ನರಸಿಂಹಪ್ಪ. ಪಾವಗಡ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ಈತ ಹೊಸಕೋಟೆಯಲ್ಲಿ ನನ್ನ ಶಿಷ್ಯನಾಗಿದ್ದವನು. ವೃತ್ತ ಸರಿಬಂದ ಮಾರನೆಯ ದಿನ ಬಂದು, ಚೌಕಟ್ಟಿನ ಕೆಳಗೆ ನಾಲ್ಕು ಕಾಲು ಕೂರಿಸಿ, ಬೋಲ್ಟುಗಳನ್ನೆಲ್ಲ ಇನ್ನೊಂದು ಸುತ್ತು ಬಿಗಿದು ಹೋದ. ಶುಕ್ರವಾರ ಪೂಜೆ. ಮಿಕ್ಸಿಯಿಂದ ಹಿಡಿದು ಬೋರ್‌ವೆಲ್ ಮೋಟಾರಿನವರೆಗೆ ನಮ್ಮ ಮನೆಗೆ ಬಂದದ್ದು ಏನೇ ಇರಲಿ, ಮೂರು ಬೆರಳಿನ ವಿಭೂತಿ ಬೀಳದೆ ಕೆಲಸ ಆರಂಭಿಸುವಂತಿಲ್ಲ. ನಾನೇ ಮಡಿಯುಟ್ಟು, ಚೌಕಟ್ಟಿಗೂ ಕಂಪ್ಯೂಟರಿಗೂ ಗೋಡೆಯ ಹಲಗೆಯ ಮೇಲೆ ಸಾಲಾಗಿ ನಿಂತಿದ್ದ ಮೂರು ಡ್ರೈವರ್ ಪೆಟ್ಟಿಗೆಗಳಿಗೂ ವಿಭೂತಿ ಎಳೆದು, ಹೂವಿಟ್ಟು, ಕಾಯಿ ಒಡೆದು ಗುಂಡಿ ಒತ್ತಿದೆ. ಪೆನ್ನು ಹೊರಟಿತು. ಕಾಗದದ ಮೇಲೆ ಮೂಡಿದ್ದು ವೃತ್ತವಲ್ಲ. ಯಾರೋ ಮೇಲೆ ಕುಳಿತು ಎದ್ದುಹೋದ ಪೂರಿಯಂಥ ಒಂದು ಆಕೃತಿ. ಹಿಂದೆಮುಂದೆ ಸರಿಯಾಗಿದೆ, ಎಡಬಲದಲ್ಲಿ ಅರ್ಧಕ್ಕೇ ಇಳಿದಿದೆ.

ಆಮೇಲಿನ ಹತ್ತು ದಿನಗಳಲ್ಲಿ ನಾನು ಯಾರ ಯಾರ ಮೇಲೆ ಕೆರಳಿದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಮೊದಲು ವಿದ್ಯುತ್ ಇಲಾಖೆಯ ಮೇಲೆ. ಮೀಟರು ಹಿಡಿದು ನೋಡಿದರೆ ವೋಲ್ಟೇಜು ಸರಿಯಾಗಿಯೇ ಇತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಆಮೇಲೆ ಸಿರಾದಿಂದ ತಂದಿದ್ದ ತಂತಿಗಳ ಮೇಲೆ. ಹಳೆಯದನ್ನು ಕಿತ್ತು ಹೊಸದು ಎಳೆದೆ, ಪೂರಿ ಪೂರಿಯಾಗಿಯೇ ಉಳಿಯಿತು. ವೇಗ ಕಡಿಮೆ ಮಾಡಿದೆ, ಎಣ್ಣೆ ಬಿಟ್ಟೆ, ಎಡಬಲದ ಮೋಟಾರನ್ನು ಬಿಚ್ಚಿ ಹಿಂದುಮುಂದಿನ ಜಾಗಕ್ಕೂ ಅಲ್ಲಿಯದನ್ನು ಇಲ್ಲಿಗೂ ಹಾಕಿದೆ. ವಿಡಿಯೊದಲ್ಲಿ ಪಾಠ ಹೇಳುವ ಮಹಾನುಭಾವರಿಗೆ ನಾನಾ ರೀತಿಯ ತೊಂದರೆಗಳು ಬಂದು ಪರಿಹಾರವಾಗಿದ್ದವು, ನನ್ನದೊಂದನ್ನು ಬಿಟ್ಟು. ಪೆಟ್ಟಿಗೆ ಮಾರಿದ ಅಂಗಡಿಯವನು ಫೋನಿನಲ್ಲಿ, ಸ್ವಿಚ್ಚುಗಳನ್ನು ನೋಡಿ, ಇಲ್ಲವೇ ಪೆಟ್ಟಿಗೆಗಳನ್ನೇ ಅದಲುಬದಲು ಮಾಡಿ ನೋಡಿ ಎಂದ. ಸ್ವಿಚ್ಚುಗಳನ್ನು ಪೂಜೆಗೆ ಮುಂಚೆಯೇ ಭೂತಗನ್ನಡಿಯಲ್ಲಿ ನೋಡಿ ಇಟ್ಟವನು ನಾನು. ವಿಭೂತಿಯಿಟ್ಟು ಸ್ಥಾಪನೆ ಮಾಡಿದ ಪೆಟ್ಟಿಗೆಯನ್ನು ಕದಲಿಸು ಎನ್ನಲು ಇವನಾರು? ಸಂಸ್ಕಾರವಿಲ್ಲದವನು ಎಂದುಕೊಂಡು ಫೋನಿಟ್ಟೆ.

ಹೀಗೆ ಎಲ್ಲರನ್ನೂ ಖುಲಾಸೆ ಮಾಡಿದ ಮೇಲೆ ಕಟಕಟೆಯಲ್ಲಿ ಉಳಿದವನು ನರಸಿಂಹಪ್ಪ ಒಬ್ಬನೇ. ತರ್ಕ ಬಹಳ ಶುದ್ಧವಾಗಿತ್ತು: ಅವನು ಮುಟ್ಟುವ ಮುಂಚೆ ವೃತ್ತ ಸರಿಯಿತ್ತು, ಅವನು ಬೋಲ್ಟು ಬಿಗಿದು ಹೋದ ಮೇಲೆ ಚಪ್ಪಟೆಯಾಯಿತು. ಚೌಕಟ್ಟು ಸೊಟ್ಟಗಾಗಿ, ಉಳಿ ಸರಿದಾಡುವ ಹಳಿಗಳು ಬಿಗಿಯಾಗಿ, ಮೋಟಾರು ಹೆಜ್ಜೆ ತಪ್ಪುತ್ತಿದೆ. ಸೊಟ್ಟಿನಿಂದಾಗುವ ತಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗಬೇಕೇ ಹೊರತು ಪ್ರತಿ ಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅರ್ಧವೇ ಆಗುವುದು ಹೇಗೆ ಎಂಬ ಪ್ರಶ್ನೆ ಗಣಿತದ ಮೇಷ್ಟ್ರಿಗೆ ಹೊಳೆಯಬೇಕಿತ್ತು. ಸಿಟ್ಟು ಬಂದವನಿಗೆ ಭಾಗಾಕಾರ ಬರುವುದಿಲ್ಲ. ಬೆಳಗ್ಗೆ ಬಸ್ ನಿಲ್ದಾಣದ ಬಳಿಯ ಟೀ ಅಂಗಡಿಯಲ್ಲಿ, ಪೇಪರು ಓದುವವರು, ಬಸ್ಸಿಗೆ ಕಾಯುವವರು, ಕಡಲೆಕಾಯಿ ದಲ್ಲಾಳಿಗಳು ಎಲ್ಲ ತುಂಬಿದ್ದ ಹೊತ್ತಿನಲ್ಲಿ, ಆ ಚಪ್ಪಟೆ ವೃತ್ತದ ಕಾಗದವನ್ನೇ ಮೇಜಿನ ಮೇಲೆ ಹರಡಿ ನರಸಿಂಹಪ್ಪನ ಕೆಲಸ ಸೊಟ್ಟ ಎಂದು ಸಪ್ರಮಾಣವಾಗಿ ಪ್ರತಿಪಾದಿಸಿದೆ. ಮೂವತ್ತು ವರ್ಷ ತರಗತಿಯ ಕೊನೆಯ ಬೆಂಚಿಗೆ ಮುಟ್ಟಿಸಿದ ಗಂಟಲು. ರಸ್ತೆಯ ಆಚೆಗೂ ಕೇಳಿಸಿರಬೇಕು.

ಮಧ್ಯಾಹ್ನವೇ ನರಸಿಂಹಪ್ಪ ಬಂದ. ಕೈಯಲ್ಲಿ ಮೂಲೆಮಟ್ಟ, ಒಂದು ಉಂಡೆ ದಾರ. ನಾಲ್ಕು ಮೂಲೆಗೂ ಮೂಲೆಮಟ್ಟ ಇಟ್ಟ. ಈ ಮೂಲೆಯಿಂದ ಆ ಮೂಲೆಗೆ ದಾರ ಹಿಡಿದು ಗಂಟು ಹಾಕಿ, ಅದೇ ದಾರವನ್ನು ಉಳಿದೆರಡು ಮೂಲೆಗೆ ಹಿಡಿದ. ಗಂಟು ಸರಿಯಾಗಿ ಮೂಲೆಗೇ ಬಂತು.

“ಚೂಡಂಡಿ ಸಾರ್,” ಎಂದ, ಹೊಸಕೋಟೆ ಕಡೆಯ ತೆಲುಗು ಬೆರೆತ ಮಾತಿನಲ್ಲಿ. “ಈ ಕರ್ಣ ಎಷ್ಟೈತೋ ಆ ಕರ್ಣಾನೂ ಅಷ್ಟೇ ಐತೆ. ಎದುರುಬದುರು ಬದಿ ಸಮ, ಕರ್ಣ ಎರಡೂ ಸಮ ಇದ್ರೆ ಮೂಲೆ ನೆಟ್ಟಗಿರ್ತದೆ ಅಂತ ನೀವೇ ಕದಾ ಹೇಳ್ಕೊಟ್ಟಿದ್ದು? ಈಗ ನಂದು ಸೊಟ್ಟ ಅಂತ ಊರ್ ತುಂಬಾ ಹೇಳ್ಬುಟ್ರೆ ಹೆಂಗೆ? ಕೊರಟಗೆರೆ ರುದ್ರಪ್ಪನೋರು ಛತ್ರದ ಗೇಟ್ ಮಾಡು ಅಂದಿದ್ರು. ಟೀ ಅಂಗ್ಡೀಲಿ ಅವ್ರೂ ಇದ್ರಂತೆ. ಫೋನ್ ಮಾಡಿ, ತಡಿಯಪ್ಪ ನೋಡಾಣ ಅಂದವ್ರೆ. ನಮ್ ಕೆಲಸದಾಗೆ ನೆಟ್ಟಗೆ ಮಾಡ್ತಾನೆ ಅನ್ನೋ ಹೆಸರು ಬಿಟ್ಟು ಇನ್ನೇನೈತೆ ಸಾರ್?”

ಓದುಗ ಮಿತ್ರರೇ, ಎಂಟನೆಯ ತರಗತಿಗೆ ನಾನು ಕಲಿಸಿದ ಪ್ರಮೇಯವನ್ನು ನನ್ನ ಶಿಷ್ಯ ನನ್ನ ಕಣ್ಣೆದುರಿಗೇ ದಾರದಲ್ಲಿ ಸಾಧಿಸಿ ತೋರಿಸಿದ. ನಾನು ಒಪ್ಪಿದೆನೆಂದು ತಿಳಿದಿರಾ? ದಾರ ಹಿಗ್ಗುತ್ತದೆ ಎಂದೆ. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿ, ದಾರವನ್ನು ಉಂಡೆಗೆ ಸುತ್ತಿಕೊಂಡು ಹೊರಟುಹೋದ. ಆ ನೋಟದ ಮೇಲೂ ನನಗೆ ಎರಡು ದಿನ ಸಿಟ್ಟಿತ್ತು.

ಸೋಮವಾರ ಬೆಳಗ್ಗೆ ನನ್ನಾಕೆ ಯಂತ್ರದ ಕೊಠಡಿಗೆ ಬಂದಳು. ಹಳೆಯ ವಿಭೂತಿಯನ್ನು ಒರೆಸದೆ ಹೊಸದು ಹಚ್ಚಬಾರದು ಎಂಬುದು ಅವಳ ತವರಿನ ಪದ್ಧತಿ; ಹಚ್ಚಿದ ವಿಭೂತಿಗೆ ಕೈ ಹಾಕಬಾರದು ಎಂಬುದು ನನ್ನದು. ನಾನು ಬೇಡವೆನ್ನುವುದರೊಳಗೆ ಒಣಬಟ್ಟೆಯಲ್ಲಿ ಮೂರೂ ಪೆಟ್ಟಿಗೆಗಳ ಮುಖ ಒರೆಸಿ ಮುಗಿಸಿದ್ದಳು.

“ಏನ್ರೀ ಇದು? ಇಲ್ಲೊಂದು ಬಿಳೇ ಕಾಳು ಈ ಕಡೆ ಸರಿದೈತೆ. ಇನ್ನೆರಡು ಪೆಟ್ಟಿಗೇಲಿ ಅದೇ ಕಾಳು ಆ ಕಡೆ ಐತಲ್ಲ!”

ಭೂತಗನ್ನಡಿ ತಂದು ನೋಡಿದೆ. ಎಡಬಲದ ಮೋಟಾರಿನ ಪೆಟ್ಟಿಗೆಯಲ್ಲಿ ಸಾಲಿನ ತುದಿಯ ಒಂದು ಸ್ವಿಚ್ಚು ಪಕ್ಕಕ್ಕೆ ಸರಿದಿತ್ತು. ವಿಭೂತಿ ಎಳೆದ ಬೆರಳು ಎಡದಿಂದ ಬಲಕ್ಕೆ ಹೋಗುವಾಗ ಅದನ್ನೂ ಕರೆದುಕೊಂಡು ಹೋಗಿ, ಮೇಲೆ ಭಸ್ಮದ ಹೊದಿಕೆ ಹೊದಿಸಿ ಬಂದಿತ್ತು. ಅದು ಸಾಲಿನಲ್ಲಿ ಮೊದಲ ಪೆಟ್ಟಿಗೆಯಾದ್ದರಿಂದ ಭಕ್ತಿ ಜಾಸ್ತಿಯಾಗಿ ಒತ್ತಿ ಎಳೆದಿದ್ದೆ. ಉಳಿದೆರಡರ ಹೊತ್ತಿಗೆ ಕಾಯಿ ಒಡೆಯುವ ಆತುರದಲ್ಲಿ ಸವರಿಬಿಟ್ಟಿದ್ದೆ. ಆ ಒಂದು ಸ್ವಿಚ್ಚಿನಿಂದ ಮೋಟಾರಿನ ಪ್ರತಿ ಹೆಜ್ಜೆಯೂ ಅರ್ಧವಾಗಿತ್ತು. ಯಂತ್ರ ಒಂದು ಹೆಜ್ಜೆಯನ್ನೂ ತಪ್ಪಿರಲಿಲ್ಲ. ಹೇಳಿದಷ್ಟು ಹೆಜ್ಜೆಯನ್ನು, ಹೇಳಿದ ಅಳತೆಯಲ್ಲೇ, ಪರಮ ವಿಧೇಯತೆಯಿಂದ ನಡೆದಿತ್ತು. ಕಡ್ಡಿಯಿಂದ ಅದನ್ನು ಹಿಂದಕ್ಕೆ ತಳ್ಳಿ ಗುಂಡಿ ಒತ್ತಿದೆ. ವೃತ್ತ ದುಂಡಗೆ ಬಂತು. ಅಷ್ಟು ದುಂಡನೆಯ, ಅಷ್ಟು ಅಸಹ್ಯವಾದ ವೃತ್ತವನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಯಾರ ಮೇಲೆ ಕೆರಳುವುದು? ದೇವರ ಮೇಲೆ ಕೆರಳುವಂತಿಲ್ಲ, ಅವನು ಒತ್ತಿ ಹಚ್ಚು ಎಂದು ಹೇಳಿರಲಿಲ್ಲ. ಹತ್ತು ದಿನ ಊರೆಲ್ಲ ಅಲೆದ ಸಿಟ್ಟು, ಮೇವು ಮುಗಿದ ಎಮ್ಮೆಯ ಹಾಗೆ, ತಾನಾಗಿ ಮನೆಗೆ ಬಂದು ನನ್ನ ಎದುರಿಗೇ ನಿಂತಿತು. ಹಿಗ್ಗುವ ದಾರದ ಮಾತು ನೆನಪಾಗಿ ಮೈ ಕುಗ್ಗಿತು.

ಮಂಗಳವಾರ ಅದೇ ಟೀ ಅಂಗಡಿಯಲ್ಲಿ, ಅದೇ ಹೊತ್ತಿಗೆ, ಅದೇ ಗಂಟಲಿನಲ್ಲಿ ತಪ್ಪು ನನ್ನದೆಂದು ಹೇಳಿದೆ. ವಿಚಿತ್ರವೆಂದರೆ ಸೊಟ್ಟ ಎಂದಾಗ ಕಪ್ಪು ಕೆಳಗಿಟ್ಟು ಕೇಳಿದ್ದವರು, ನೆಟ್ಟಗಿದೆ ಎಂದಾಗ ಪೇಪರಿನಿಂದ ತಲೆ ಎತ್ತಲಿಲ್ಲ. ದಲ್ಲಾಳಿಯೊಬ್ಬ ಮಾತ್ರ, “ಮೇಷ್ಟ್ರಿಗೆ ಈಬೂತಿ ಹಚ್ಚಾಕೂ ಬರಾಕಿಲ್ಲ ಕಣ್ಲಾ” ಎಂದು ಪಕ್ಕದವನಿಗೆ ಹೇಳಿ ನಕ್ಕ. ಅಲ್ಲಿಂದಲೇ ಬಸ್ಸು ಹತ್ತಿ ಕೊರಟಗೆರೆಗೆ ಹೋಗಿ ರುದ್ರಪ್ಪನವರನ್ನು ಕಂಡೆ. ಸಭ್ಯರು, ಕೂರಿಸಿ, ಮಜ್ಜಿಗೆ ಕೊಟ್ಟು, ಪೂರ್ತಿ ಕೇಳಿಸಿಕೊಂಡರು.

“ಅಯ್ಯೋ ಸಾರ್, ನಿನ್ನೆ ತಾನೆ ಗೇಟ್ ಬೇರೆಯೋರ್ಗೆ ಒಪ್ಪಿಸಿಬುಟ್ಟೆ,” ಎಂದರು. “ಬೇರೆ ಯಾರಾನಾ ಅಂದಿದ್ರೆ ನಾನು ಕಿವಿಗೆ ಹಾಕ್ಕಂತಿರ್ಲಿಲ್ಲ. ನೀವು ಮೇಷ್ಟ್ರು. ಲೆಕ್ಕದ ಮೇಷ್ಟ್ರು ಸೊಟ್ಟ ಅಂದ್ಮೇಲೆ ಸೊಟ್ಟಾನೇ ಇರ್ಬೇಕು ಅಂದ್ಕಂಡೆ.”

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ವೃತ್ತಿಯ ಗೌರವವೇ ನನಗೆ ಭಾರವೆನಿಸಿತು. ಇಳಿದವನು ಮನೆಗೆ ಹೋಗದೆ ನೇರವಾಗಿ ಪಾವಗಡ ರಸ್ತೆಗೆ ನಡೆದೆ. ನರಸಿಂಹಪ್ಪ ಕಿಟಕಿಯೊಂದನ್ನು ಬೆಸೆಯುತ್ತಿದ್ದ. ಸ್ವಿಚ್ಚಿನ ಕಥೆ, ಟೀ ಅಂಗಡಿಯ ಕಥೆ, ಹೋದ ಗೇಟಿನ ಕಥೆ ಎಲ್ಲವನ್ನೂ ನಿಂತೇ ಹೇಳಿ, ದಾರ ಹಿಗ್ಗಿರಲಿಲ್ಲ, ನನ್ನನ್ನು ಕ್ಷಮಿಸಪ್ಪ ಎಂದೆ. ಅವನು ಮುಖದ ಗುರಾಣಿಯನ್ನು ಹಣೆಯ ಮೇಲಕ್ಕೆ ಏರಿಸಿ ಬೆವರು ಒರೆಸಿಕೊಂಡ.

“ನಾವು ಉತ್ತರ ತಪ್ಪು ಬರೆದ್ರೆ, ಸರಿ ಉತ್ತರಾನ ನೂರು ಸಲ ಬರೆಸ್ತಿದ್ರಿ ಸಾರ್ ನೀವು,” ಎಂದ. “ಟೀ ಅಂಗ್ಡೀದು ಒಂದು, ಕೊರಟಗೆರೇದು ಒಂದು. ಇಂಕಾ ತೊಂಬತ್ತೆಂಟು ಐತೆ.”

ಗುರಾಣಿಯನ್ನು ಇಳಿಸಿಕೊಂಡು ಮತ್ತೆ ಕಿಡಿ ಹಾರಿಸತೊಡಗಿದ. ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ಗುರಾಣಿಯ ಹಿಂದಿನ ಮುಖ ಕಾಣಲಿಲ್ಲ. ನಾನಂತೂ ಶಿಕ್ಷೆಯನ್ನು ಒಪ್ಪಿಕೊಂಡಿದ್ದೇನೆ. ಸಿರಾ ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ ಹೇಳಿದ್ದೇನೆ, ಕೊಳಾಲದ ಮದುವೆಯ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಪಿಂಚಣಿಯ ಸಾಲಿನಲ್ಲಿ ನನ್ನ ಹಿಂದೆ ನಿಂತ ಕಿವುಡರಿಗೂ ಕೂಗಿ ಹೇಳಿದ್ದೇನೆ. ಈ ಪ್ರಬಂಧವನ್ನು ಎಷ್ಟೇ ಮಂದಿ ಓದಿದರೂ ಅವನು ಒಂದೇ ಎಂದು ಎಣಿಸುತ್ತಾನೆ, ಅದೂ ನ್ಯಾಯವೇ. ಇದು ಮೂವತ್ತೆರಡನೆಯದು: ನರಸಿಂಹಪ್ಪ ಮಾಡಿದ ಚೌಕಟ್ಟು ನೆಟ್ಟಗಿದೆ.